ನಾನಿನ್ನುಳಿಸೆನು

ಸಂಧಿ ಮೇಷ್ಟ್ರಿಗೆ ಆ ಹೆಸರು ಹೇಗೆ ಬಂತು ಎಂಬುದರ ಬಗ್ಗೆ ಬೀದಿಯಲ್ಲಿ ಎರಡು ಪಕ್ಷಗಳಿದ್ದವು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವ್ಯಾಕರಣ ಹೇಳಿಕೊಟ್ಟು, ಮಕ್ಕಳ ಕೈಲಿ ಸಂಧಿ ಬಿಡಿಸಿ ಬಿಡಿಸಿ ಅವರನ್ನು ಹಣ್ಣು ಮಾಡಿದ್ದರಿಂದ ಬಂತು ಎನ್ನುವುದು ಒಂದು ಪಕ್ಷ. ಚಪ್ಪಲಿ ಸವೆಯುತ್ತದೆಂದು ದೊಡ್ಡ ರಸ್ತೆ ಬಿಟ್ಟು, ಎರಡು ಗೋಡೆಗಳ ನಡುವಿನ ಸಂದಿಯಲ್ಲಿ ಮೈ ಅಡ್ಡ ಮಾಡಿಕೊಂಡು ನುಸುಳಿ ಪೇಟೆ ಸೇರುತ್ತಿದ್ದುದರಿಂದ ಬಂತು ಎನ್ನುವುದು ಇನ್ನೊಂದು. ಎರಡೂ ನಿಜವೇ. ಒಂದೇ ಹೆಸರಿನಲ್ಲಿ ಎರಡು ಕೆಲಸ ಮುಗಿಯುತ್ತದೆಂದರೆ ಮೇಷ್ಟ್ರಿಗೂ ತಕರಾರಿರಲಿಲ್ಲ.

ಅವರನ್ನು ಬರೀ ಜಿಪುಣ ಎಂದು ಕರೆದು ಸುಮ್ಮನಾದರೆ ಅವರ ಶ್ರಮಕ್ಕೆ ಅನ್ಯಾಯ ಮಾಡಿದಂತೆ. ಜಿಪುಣರು ಖರ್ಚು ಮಾಡುವುದಿಲ್ಲ, ಅಷ್ಟೆ. ಅದಕ್ಕೇನು ಬುದ್ಧಿ ಬೇಕು? ಮೇಷ್ಟ್ರದು ಸಂಶೋಧನೆ. ಅವರ ಮನೆಯ ಗೋಡೆ ಗಡಿಯಾರಕ್ಕೆ ರಾತ್ರಿ ಪಾಳಿ ಇರಲಿಲ್ಲ. ಮಲಗುವ ಮುಂಚೆ ಅದರ ಬ್ಯಾಟರಿ ತೆಗೆದಿಡುವರು. "ನಿದ್ದೆ ಮಾಡೋರಿಗೆ ಗಂಟೆ ಎಷ್ಟಾದ್ರೇನು?" ಬೆಳಿಗ್ಗೆ ಪಕ್ಕದ ಮನೆಯ ರೇಡಿಯೋದಲ್ಲಿ ವಾರ್ತೆ ಶುರುವಾದಾಗ ಬ್ಯಾಟರಿ ಹಾಕಿ, ಮುಳ್ಳು ತಿರುಗಿಸಿ, ಗಡಿಯಾರವನ್ನು ಕೆಲಸಕ್ಕೆ ಹಚ್ಚುವರು. ಪೇಸ್ಟಿನ ಟ್ಯೂಬು ಎಲ್ಲರ ಮನೆಯಲ್ಲೂ ಖಾಲಿಯಾದ ದಿನವೇ ಅವರ ಮನೆಯಲ್ಲಿ ಅದರ ಎರಡನೇ ಜನ್ಮ ಆರಂಭ. ಕತ್ತರಿಯಿಂದ ಉದ್ದಕ್ಕೆ ಸೀಳಿ, ಮೀನಿನ ಹೊಟ್ಟೆ ಬಗೆದಂತೆ ಬಗೆದು, ಒಳಮೈಗೆ ಬ್ರಷ್ ಸವರಿ ಇನ್ನೂ ಎಂಟು ದಿನ ಹಲ್ಲುಜ್ಜುವರು. ಟೀ ಪುಡಿಯ ಪುಟ್ಟ ಚೀಲಗಳು ಹಿತ್ತಿಲ ತಂತಿಯ ಮೇಲೆ ಬಟ್ಟೆ ಕ್ಲಿಪ್ಪು ಕಚ್ಚಿಕೊಂಡು ಒಣಗುತ್ತಿದ್ದವು. ಒಂದು ಕ್ಲಿಪ್ಪೆಂದರೆ ಒಂದು ಸಲ ಮುಳುಗಿದ್ದು, ಎರಡೆಂದರೆ ಎರಡು ಸಲ. ಮೂರು ಕ್ಲಿಪ್ಪಿನವು ಮನೆಗೆ ಬಂದವರಿಗೆ.

ಇನ್ನು ದೀಪ. ಬೀದಿ ಕಂಬವೊಂದು ಸರಿಯಾಗಿ ಅವರ ಕಿಟಕಿಯ ಎದುರಿಗೇ ಇತ್ತು. ಆ ಮನೆಯನ್ನು ಕೊಂಡದ್ದೇ ಆ ಕಂಬ ನೋಡಿ ಎಂದು ಅವರ ಹೆಂಡತಿ ಹೇಳುತ್ತಿದ್ದರು, ಅದೇನೂ ತಮಾಷೆಯ ಮಾತಲ್ಲ. ಸಂಜೆಯಾದರೆ ಗಂಡ ಹೆಂಡತಿ ಇಬ್ಬರೂ ಕಿಟಕಿಗೆ ಒತ್ತಿಕೊಂಡು ಕೂರಬೇಕು. ಹೊರಗಿನಿಂದ ನೋಡಿದವರು, ವಯಸ್ಸಾದರೂ ಎಷ್ಟು ಅನ್ಯೋನ್ಯವಾಗಿದ್ದಾರೆ ಎಂದುಕೊಳ್ಳುತ್ತಿದ್ದರು.

ಹೆಂಡತಿ ಇದನ್ನೆಲ್ಲ ಮೂವತ್ತೆರಡು ವರ್ಷ ಹೊಟ್ಟೆಗೆ ಹಾಕಿಕೊಂಡರು. ಸಿಟ್ಟು ಬಂದಾಗ "ಅಯ್ಯೋ ಕರ್ಮವೇ" ಎನ್ನುವರು, ನಗು ಬಂದಾಗಲೂ ಅದನ್ನೇ ಎನ್ನುವರು. ಆ ಎರಡು ಪದ ಕೇಳುವುದಕ್ಕೆಂದೇ ಮೇಷ್ಟ್ರು ಹೊಸ ಹೊಸ ಉಪಾಯ ಹುಡುಕುತ್ತಿದ್ದರೋ ಏನೋ. ಆದರೆ ಕನ್ನಡಕದ ವಿಷಯದಲ್ಲಿ ಮಾತ್ರ ಎಲ್ಲ ಕೆಟ್ಟಿತು.

ಆ ಮನೆಯಲ್ಲಿ ಓದುವ ಕನ್ನಡಕ ಇದ್ದದ್ದು ಒಂದೇ. ಬೆಳಿಗ್ಗೆ ಮೇಷ್ಟ್ರಿಗೆ, ಮಧ್ಯಾಹ್ನ ಹೆಂಡತಿಗೆ. "ಇಬ್ರೂ ಒಟ್ಟಿಗೇ ಓದೋಕೆ ಇದೇನು ಪರೀಕ್ಷೆ ಹಾಲಾ?" ಎಂಬುದು ಮೇಷ್ಟ್ರ ವಾದ. ಕಣ್ಣಿನ ಡಾಕ್ಟರು ಇಬ್ಬರಿಗೂ ಬೇರೆ ಬೇರೆ ನಂಬರು ಬರೆದುಕೊಟ್ಟಾಗ ಇವರು ಎರಡನ್ನೂ ಕೂಡಿಸಿ, ಎರಡರಿಂದ ಭಾಗಿಸಿ, ನಡುವಿನ ನಂಬರಿನದೊಂದು ಮಾಡಿಸಿದ್ದರು. ಹೀಗಾಗಿ ಅದರಲ್ಲಿ ಇಬ್ಬರಿಗೂ ಸರಿಯಾಗಿ ಕಾಣಿಸುತ್ತಿರಲಿಲ್ಲ. ಒಂದು ದಿನ ಅದರ ನಡುವಿನ ಸೇತುವೆ ಮುರಿಯಿತು. ಹೆಂಡತಿ ಒಳಗೊಳಗೇ ಖುಷಿಪಟ್ಟರು. ಇನ್ನಾದರೂ ತಮಗೊಂದು, ಅವರಿಗೊಂದು ಬಂದೀತು ಎಂದುಕೊಂಡರು. ಮೇಷ್ಟ್ರು ಎರಡು ತುಂಡುಗಳನ್ನೂ ಅಂಗೈಯಲ್ಲಿಟ್ಟು ತೂಗಿ ನೋಡಿದರು. ಅವರ ಮುಖ ಅರಳಿತು.

"ಏನೇ, ನಿಂಗೆ ಮಂಜಾಗಿರೋದು ಎಡಗಣ್ಣು ಅಲ್ವಾ? ನಂಗೆ ಬಲಗಣ್ಣು. ಗಾಜು ಎರಡು, ಜನ ಇಬ್ಬರು. ತಾನಾಗೇ ಪಾಲಾಗಿದೆ ನೋಡು!"

ಹೇಳಿದ್ದಷ್ಟೇ ಅಲ್ಲ, ಎಡಗಡೆಯ ತುಂಡಿಗೆ ದಾರ ಕಟ್ಟಿ, ಕಿವಿಗೆ ಸಿಕ್ಕಿಸುವಂತೆ ಕುಣಿಕೆ ಮಾಡಿ, ಹೆಂಡತಿಯ ಕೈಗೆ ಕೊಟ್ಟೇಬಿಟ್ಟರು. ಹೆಂಡತಿ "ಅಯ್ಯೋ ಕರ್ಮವೇ" ಎನ್ನಲಿಲ್ಲ. ಆ ತುಂಡನ್ನು ಮೇಜಿನ ಮೇಲಿಟ್ಟರು. ಚೀಲಕ್ಕೆ ನಾಲ್ಕು ಬಟ್ಟೆ ತುಂಬಿಕೊಂಡು, ಬಾಗಿಲು ಮುಂದಕ್ಕೆಳೆದುಕೊಂಡು, ಮೂರು ಗಂಟೆ ದಾರಿಯ ಊರಿನಲ್ಲಿದ್ದ ತಂಗಿಯ ಮನೆಗೆ ಹೊರಟುಹೋದರು.

ಮೊದಲ ಎರಡು ದಿನ ಮೇಷ್ಟ್ರು, ಹೇಳಬಾರದು, ಸ್ವಲ್ಪ ಖುಷಿಯಾಗಿಯೇ ಇದ್ದರು. ಗ್ಯಾಸು ಅರ್ಧ, ಸೋಪು ಅರ್ಧ, ನೀರು ಅರ್ಧ. ಮೂರನೆಯ ದಿನ ಬೆಂಕಿಕಡ್ಡಿಯೊಂದನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಎರಡು ಮಾಡಿದರು. ಎರಡೂ ಹೊತ್ತಿಕೊಂಡವು. ವರ್ಷಗಳಿಂದ ಆಗದಿದ್ದ ಕೆಲಸ! "ಏನೇ, ಬಾ ಇಲ್ಲಿ" ಎಂದು ಕೂಗಿ, ಉರಿಯುವ ಕಡ್ಡಿ ಹಿಡಿದುಕೊಂಡು ಅಡುಗೆಮನೆಯಲ್ಲಿ ನಿಂತರು. ಕಡ್ಡಿ ಉರಿದು ಬೆರಳು ಸುಟ್ಟಿತು. ಆಗ ಅವರಿಗೆ ಹೊಳೆಯಿತು. ಉಳಿಸಿದ್ದನ್ನು ನೋಡಿ ತಲೆ ತಲೆ ಚಚ್ಚಿಕೊಳ್ಳುವವರು ಒಬ್ಬರು ಮನೆಯಲ್ಲಿ ಇಲ್ಲದಿದ್ದರೆ ಉಳಿಸಿದ್ದಕ್ಕೆ ರುಚಿಯೇ ಇಲ್ಲ. ಸಂಜೆ ಕಿಟಕಿಗೆ ಒತ್ತಿಕೊಂಡು ಕೂತರೆ ಪಕ್ಕದಲ್ಲಿ ಬೇಕಾದಷ್ಟು ಜಾಗ, ಬೇಕಾದಷ್ಟು ಬೆಳಕು. ಅಷ್ಟು ಬೆಳಕು ಅವರಿಗೆ ಬೇಕಿರಲಿಲ್ಲ. ಅವರಿಗೆ ಹೆಂಡತಿ ಬೇಕಿತ್ತು.

ಷಡ್ಡಕನ ಫೋನಿಗೆ ಎಂಟು ಸಲ ಮಿಸ್ಡ್ ಕಾಲ್ ಕೊಟ್ಟರು. ಇಷ್ಟು ಸಲ ಕೊಟ್ಟರೆ ಎಂಥ ಕಲ್ಲು ಮನಸ್ಸಿನವನಾದರೂ ತಿರುಗಿ ಫೋನ್ ಮಾಡಬೇಕು. ಷಡ್ಡಕ ಮಾಡಲಿಲ್ಲ. ಬಸ್ಸು ಹತ್ತಿ ಹೋಗೋಣವೆಂದರೆ ಹೋಗುವ ಟಿಕೆಟ್ಟು, ಬರುವ ಟಿಕೆಟ್ಟು. ಹೋದ ಮೇಲೆ ಅವಳು ಬರುವುದಿಲ್ಲ ಎಂದುಬಿಟ್ಟರೆ ಎಲ್ಲವೂ ನೀರಿನಲ್ಲಿ ಹೋಮ. ಹೀಗೆ ತಲೆ ಕೆರೆದುಕೊಳ್ಳುತ್ತಿದ್ದಾಗ ಅವರಿಗೆ ಪತ್ರಿಕೆಯವರು ತಮಗೊಂದು ಪುಕ್ಕಟೆ ಜಾಹೀರಾತು ಬಾಕಿ ಇಟ್ಟಿರುವುದು ನೆನಪಾಯಿತು.

ಅದೊಂದು ಕಥೆ. ಆ ದಿನಪತ್ರಿಕೆಯ ಕಿರು ಜಾಹೀರಾತಿಗೆ ಪದಕ್ಕಿಷ್ಟು ಎಂದು ದರ. ಎರಡು ಖಾಲಿ ಜಾಗಗಳ ನಡುವೆ ಇರುವುದು ಒಂದು ಪದ ಎಂಬುದು ಕೌಂಟರಿನ ನಿಯಮ. ಇದು ಗೊತ್ತಾದ ದಿನ ಮೇಷ್ಟ್ರು, ಇಷ್ಟು ವರ್ಷ ತಾನು ಕಲಿಸಿದ ವ್ಯಾಕರಣ ಯಾತಕ್ಕೆ ಎಂದು ಕಂಡುಕೊಂಡರು. "ಹಳೆಯಮಂಚಮಾರಾಟಕ್ಕಿದೆಸಂಜೆಬನ್ನಿ" ಎಂದು ಒಂದೇ ಪದದಲ್ಲಿ ಮಂಚ ಮಾರಿದರು. ಕೌಂಟರಿನ ಹೆಂಗಸು ಬೆರಳಿಟ್ಟು ಎಣಿಸಿ, ಖಾಲಿ ಜಾಗ ಕಾಣದೆ, ಒಂದೇ ಪದದ ದುಡ್ಡು ತೆಗೆದುಕೊಂಡಳು. ನಾಲ್ಕು ತಿಂಗಳು ಹೀಗೆ ನಡೆದ ಮೇಲೆ ಮ್ಯಾನೇಜರು ಕೆಂಡವಾಗಿ, ಏಳು ಅಕ್ಷರ ದಾಟಿದರೆ ಅದು ಎರಡು ಪದ ಎಂದು ಬೋರ್ಡು ಹಾಕಿಸಿದರು. ಒಬ್ಬ ಮನುಷ್ಯನಿಗಾಗಿ ಇಡೀ ಪತ್ರಿಕೆ ಕಾನೂನು ಬದಲಿಸಿತೆಂದು ಮೇಷ್ಟ್ರಿಗೆ ಹೆಮ್ಮೆ. ಒತ್ತಕ್ಷರಕ್ಕೆ ಹೇಗೂ ಲೆಕ್ಕವಿರಲಿಲ್ಲ. ಕೆಳಗೆ ಜೋತುಬೀಳುವುದಕ್ಕೆ ಬಾಡಿಗೆ ಕೇಳುವುದು ಯಾರಿಗೂ ಹೊಳೆದಿರಲಿಲ್ಲ. ಅದಾದ ಮೇಲೆ "ಹಳೆಯಕಪಾಟು ಮಾರಾಟಕ್ಕಿದೆ" ಎಂದು ಎರಡು ಪದ ಕೊಟ್ಟಿದ್ದರು. ಅಚ್ಚಿನವರು ಕಪಾಟನ್ನು ಕಪಟ ಮಾಡಿದರು. ಇವರ ಮನೆಯಲ್ಲಿ ಹಳೆಯ ಕಪಟ ಮಾರಾಟಕ್ಕಿದೆ ಎಂದು ಊರೆಲ್ಲ ನಕ್ಕಿತು. ತಪ್ಪಿಗೆ ಪರಿಹಾರವಾಗಿ ಪತ್ರಿಕೆಯವರು ಮೇಷ್ಟ್ರಿಗೆ ಒಂದು ಚೀಟಿ ಬರೆದುಕೊಟ್ಟಿದ್ದರು: ಎರಡು ಪದ, ಪುಕ್ಕಟೆ.

ಹೆಂಡತಿಗೆ ಪತ್ರಿಕೆಯಲ್ಲಿ ಮೊದಲು ಕಣ್ಣು ಹೋಗುವುದೇ ಕಿರು ಜಾಹೀರಾತಿಗೆ. ಯಾರು ಮನೆ ಮಾರುತ್ತಿದ್ದಾರೆ, ಯಾರ ನಾಯಿ ಕಳೆದಿದೆ, ಎಲ್ಲ ಆಕೆಗೆ ಬೇಕು. ಹಾಗಾದರೆ ಇದೇ ಸರಿಯಾದ ದಾರಿ. ಮೇಷ್ಟ್ರು ಕಿಟಕಿಯ ಹತ್ತಿರ ಕೂತು, ಮದುವೆ ಕಾಗದವೊಂದರ ಬೆನ್ನಿಗೆ ಬರೆದರು: "ನೀನು ಮನೆಗೆ ವಾಪಸು ಬಾ. ನಾನು ಇನ್ನು ಮೇಲೆ ಹೀಗೆಲ್ಲ ದುಡ್ಡು ಉಳಿಸುವುದಿಲ್ಲ." ಓದಿಕೊಂಡರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಾಡಿತು. ಮನಸ್ಸಿನಿಂದ ಬಂದ ಮಾತು. ಆದರೆ ಹತ್ತು ಪದ.

ಕತ್ತರಿ ಆಡಿಸತೊಡಗಿದರು. ಬಾ ಎಂದರೆ ನೀನು ಎಂದೇ ಅರ್ಥ, ನೀನು ಬೇಡ. ಮನೆಗೆ ಎಂದ ಮೇಲೆ ವಾಪಸು ಯಾಕೆ? ಮನೆಗೆಬಾ, ನಾಲ್ಕಕ್ಷರ, ಒಂದು ಪದ. ಮೇಲೆ ಬೇಡ, ಹೀಗೆಲ್ಲ ಬೇಡ. ದುಡ್ಡು ಎನ್ನುವುದನ್ನು ಬೇರೆ ಹೇಳಬೇಕೆ? ತಾನು ದುಡ್ಡಲ್ಲದೆ ಇನ್ನೇನು ಉಳಿಸಿದ್ದೇನೆ? ಈಗ ಉಳಿದದ್ದು ನಾನು, ಇನ್ನು, ಉಳಿಸುವುದಿಲ್ಲ. ಕೂಡಿಸಿದರೆ ನಾನಿನ್ನುಳಿಸುವುದಿಲ್ಲ. ಎಣಿಸಿದರು, ಎಂಟಕ್ಷರ. ಒಂದೇ ಒಂದು ಅಕ್ಷರ ಹೆಚ್ಚು! ಮೇಷ್ಟ್ರು ತುಟಿ ಕಚ್ಚಿದರು. ಆಮೇಲೆ, ಹಳೆಗನ್ನಡ ಪಾಠ ಮಾಡಿದ್ದು ಯಾವತ್ತೂ ದಂಡವಾಗುವುದಿಲ್ಲ ಎಂದುಕೊಂಡು ಬರೆದರು: ನಾನಿನ್ನುಳಿಸೆನು. ಆರೇ ಅಕ್ಷರ. ಒಂದಕ್ಷರಕ್ಕೆ ಇನ್ನೂ ಜಾಗ ಉಳಿದಿತ್ತು.

"ಕ್ಷಮಿಸು" ಎಂದು ಸೇರಿಸಬೇಕೆಂದು ಅವರಿಗೆ ಅನಿಸದೆ ಇರಲಿಲ್ಲ. ಆದರೆ ಅದು ಮೂರನೇ ಪದ. ಚೀಟಿಯಲ್ಲಿ ಇದ್ದದ್ದು ಎರಡು.

ಕೌಂಟರಿನ ಹೆಂಗಸು ಚೀಟಿ ನೋಡಿ, ಬರೆದದ್ದನ್ನು ನೋಡಿ, ಹುಬ್ಬು ಗಂಟಿಕ್ಕಿದಳು.

"ಸಾರ್, ಇದರ ಅರ್ಥ?"

"ಓದಬೇಕಾದೋರಿಗೆ ಗೊತ್ತಾಗತ್ತೆ. ಅರ್ಥಕ್ಕೆ ಬೇರೆ ದರ ಇಲ್ಲ ತಾನೆ?"

"ಇಲ್ಲ. ಆದ್ರೆ ಒಂದು ಕಡೆ ಬಿಡಿಸಿ ಬರೆದ್ರೆ ಚೆನ್ನಾಗಿತ್ತು ಅನ್ಸತ್ತೆ. ಇದು ಹೇಗ್ ಹೇಗೋ ಓದ್ಕೊಳ್ಳೋ ಹಾಗಿದೆ."

"ಬಿಡಿಸಿದ್ರೆ?"

"ಇನ್ನೊಂದು ಪದದ ದುಡ್ಡಾಗತ್ತೆ."

"ಹಾಗಾದ್ರೆ ಕೂಡ್ಕೊಂಡೇ ಇರಲಿ," ಎಂದರು ಮೇಷ್ಟ್ರು. "ಹೆಸರು ಹಾಕಲ್ವಾ?" ಎಂದು ಅವಳು ಕೇಳಿದ್ದಕ್ಕೆ, ಇಷ್ಟು ಅಚ್ಚುಕಟ್ಟಾಗಿ ಸಂಧಿ ಮಾಡುವವರು ಈ ಸುತ್ತಮುತ್ತ ಇನ್ಯಾರಿದ್ದಾರೆ, ಅವಳಿಗೆ ಗುರುತು ಸಿಗುತ್ತದೆ ಎಂದು ಬೀಗುತ್ತ ಹೊರಬಿದ್ದರು.

ಜಾಹೀರಾತು ಶುಕ್ರವಾರ ಬಂತು. ಶನಿವಾರ ಬೆಳಿಗ್ಗೆ ಮನೆಯ ಮುಂದೆ ಜೀಪು ನಿಂತಿತು. ಇಳಿದುಬಂದ ಪೇದೆ ಮೇಷ್ಟ್ರನ್ನು ಕಂಡು ಮೊದಲು ಕೈ ಮುಗಿದ, ಆಮೇಲೆ ಬಂದ ಕೆಲಸ ನೆನಪಾಗಿ ಕೈ ಕೆಳಗಿಳಿಸಿದ. ಅವರ ಹಳೆಯ ವಿದ್ಯಾರ್ಥಿ. ಸಂಧಿಯಲ್ಲೇ ಎರಡು ಸಲ ಡುಮ್ಕಿ ಹೊಡೆದವನು.

"ಸಾರ್, ಆ ಜಾಹೀರಾತು ನಿಮ್ದೇ ಅಂತ ಪೇಪರ್ ಆಫೀಸಲ್ಲಿ ಹೇಳಿದ್ರು. ನಮ್ಮ ಇನ್ಸ್‌ಪೆಕ್ಟರ್ ಕರೀತಿದ್ದಾರೆ. ನಿಮ್ಮ ನಾದಿನಿ ಅವ್ರ ಊರಿನ ಸ್ಟೇಷನ್ನು. ಈಗ್ಲೇ ಬರಬೇಕು."

ಮೇಷ್ಟ್ರ ಎದೆ ಧಸಕ್ಕೆಂದಿತು. "ಬಸ್ ಚಾರ್ಜು ಯಾರು ಕೊಡ್ತಾರೆ?"

"ಜೀಪಲ್ಲೇ ಕರ್ಕೊಂಡು ಹೋಗ್ತೀವಿ ಸಾರ್."

"ಪುಕ್ಕಟೆನಾ?"

ಪೇದೆಗೆ ಈ ಪ್ರಶ್ನೆಯನ್ನು ಈವರೆಗೆ ಯಾವ ಆರೋಪಿಯೂ ಕೇಳಿರಲಿಲ್ಲ. ಹೌದು ಎಂದ. ಮೇಷ್ಟ್ರು ಐದೇ ನಿಮಿಷದಲ್ಲಿ ಒಗೆದ ಅಂಗಿ ತೊಟ್ಟು, ಮನೆಯ ಖಾಲಿ ಬಾಟಲಿಗಳನ್ನೆಲ್ಲ ಚೀಲಕ್ಕೆ ತುಂಬಿ, ಸ್ಟೇಷನ್ನಿನಲ್ಲಿ ಕುಡಿಯುವ ನೀರು ಸಿಕ್ಕರೆ ಹಿಡಿದು ತರಬಹುದೆಂದು, ಜೀಪು ಹತ್ತಿದರು. ದಾರಿಯುದ್ದಕ್ಕೂ ಡ್ರೈವರಿಗೆ ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡುವ ಉಪಾಯ ಹೇಳಿಕೊಟ್ಟರು. ಅವನು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಯಾಕೆ ಕರೆದಿದ್ದಾರೆಂದು ಪೇದೆಯನ್ನು ಕೇಳಿದರೆ ಅವನು ಕಿಟಕಿಯ ಹೊರಗೆ ನೋಡಿದ. ಏನಾದರಾಗಲಿ, ಹೆಂಡತಿ ಇರುವ ಊರಿಗೆ ಒಂದು ಕಾಸಿಲ್ಲದೆ ಹೋಗುತ್ತಿದ್ದೇನಲ್ಲ ಎಂಬ ಸಂತೋಷ ಮೇಷ್ಟ್ರಿಗೆ ಆ ಹೆದರಿಕೆಯಲ್ಲೂ ಇತ್ತು.

ಸ್ಟೇಷನ್ನಿನಲ್ಲಿ ಗೋಡೆಗೆ ಹಾಕಿದ ಬೆಂಚಿನ ಮೇಲೆ ಷಡ್ಡಕ, ನಾದಿನಿ, ಅವರಿಬ್ಬರ ನಡುವೆ ಹೆಂಡತಿ ಕೂತಿದ್ದರು. ಹೆಂಡತಿಯ ಮೂಗಿನ ಮೇಲೆ ಹೊಚ್ಚ ಹೊಸ ಕನ್ನಡಕವಿತ್ತು, ಎರಡೂ ಗಾಜಿನದು. ಅದರ ಹಿಂದೆ ಅವರ ಕಣ್ಣು ಎಷ್ಟು ದೊಡ್ಡವೆಂದು ಮೇಷ್ಟ್ರು ಮರೆತೇಹೋಗಿದ್ದರು.

ಇನ್ಸ್‌ಪೆಕ್ಟರು ಪತ್ರಿಕೆಯನ್ನು ಮೇಜಿನ ಮೇಲೆ ಹರಡಿದರು. ಕೆಂಪು ಮಸಿಯಲ್ಲಿ ಸುತ್ತು ಹಾಕಿತ್ತು.

"ಇದನ್ನ ಬರೆದೋರು ನೀವೇನಾ?"

"ನಾನೇ."

"ನೋಡಿದ್ರೆ ಮರ್ಯಾದಸ್ಥರ ಹಾಗೆ ಕಾಣ್ತೀರ. ಹೆಂಡತೀನ ಮನೆಗೆ ಕರೆಸಿ ಕೊಲ್ತೀನಿ ಅಂತ ಪೇಪರಲ್ಲಿ ಹಾಕ್ಸೋಕೆ ಎಷ್ಟು ಧೈರ್ಯ ರೀ ನಿಮಗೆ?"

ಮೇಷ್ಟ್ರಿಗೆ ತಲೆಬುಡ ತಿಳಿಯಲಿಲ್ಲ. "ಯಾರನ್ನ ಕೊಲ್ಲೋದು?"

ಇನ್ಸ್‌ಪೆಕ್ಟರು ಬೆರಳಿಟ್ಟು, ಒಂದೊಂದೇ ತುಂಡಾಗಿ ಓದಿದರು. "ಮನೆಗೆ ಬಾ. ನಾ. ನಿನ್ನ. ಉಳಿಸೆನು."

ಮೇಷ್ಟ್ರು ಪತ್ರಿಕೆಯನ್ನು ಎಳೆದುಕೊಂಡು ನೋಡಿದರು. ನಾ, ನಿನ್ನ, ಉಳಿಸೆನು. ನಾನು, ಇನ್ನು, ಉಳಿಸೆನು. ಅಕ್ಷರ ಅವೇ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಮೂವತ್ತು ವರ್ಷ ಸಂಧಿ ಕಲಿಸಿದ ತಲೆ ಗಿರ್ರೆಂದಿತು.

"ಸ್ವಾಮೀ, ಇದು ನಾನು, ಇನ್ನು, ಉಳಿಸೆನು! ಅಂದ್ರೆ ಇನ್ನು ಮೇಲೆ ದುಡ್ಡು ಉಳಿಸೋದಿಲ್ಲ ಅಂತ. ನೀವು ಬಿಡಿಸಿದ್ದು... ಅದೂ ತಪ್ಪಲ್ಲ. ಎರಡೂ ಲೋಪಸಂಧಿಯೇ."

"ಲೋಪ ಯಾರದ್ದು ಅಂತ ನಾವು ನೋಡ್ತೀವಿ," ಎಂದರು ಇನ್ಸ್‌ಪೆಕ್ಟರು. "ಹೆಸರು ಬೇರೆ ಹಾಕಿಲ್ಲ. ನಿನ್ನೆಯಿಂದ ಈ ಸ್ಟೇಷನ್ನಿಗೆ ಮೂರು ಜನ ಹೆಂಗಸರು ಇದೇ ಪೇಪರ್ ಹಿಡ್ಕೊಂಡು ಬಂದಿದ್ದಾರೆ, ನಮ್ಮ ಯಜಮಾನ್ರೇ ಹಾಕ್ಸಿದ್ದು ಅಂತ. ಅವ್ರದ್ದಲ್ಲ ಅಂತ ಗೊತ್ತಾದಾಗ ಒಬ್ಬಾಕೆ ಅತ್ತೇಬಿಟ್ರು. ಅಷ್ಟಾದ್ರೂ ನನ್ನ ಬಗ್ಗೆ ತಲೆ ಕೆಡಿಸ್ಕೊಂಡಿದ್ದಾರೆ ಅಂದ್ಕೊಂಡಿದ್ದೆ ಅಂತ."

"ದೂರು ಕೊಟ್ಟಿದ್ದು ನಾನೇ ಅಣ್ಣ," ಎಂದ ಷಡ್ಡಕ, ಬೆಂಚಿನಿಂದ ಅರ್ಧ ಎದ್ದು. "ನೀವು ಖರ್ಚು ಉಳಿಸೋದಕ್ಕೆ ಏನು ಬೇಕಾದ್ರೂ ಮಾಡ್ತೀರ ಅಂತ ಹೆದರಿಕೆಯಾಯ್ತು."

"ಭಾವ, ನಿಜವಾಗ್ಲೂ ಕೊಲ್ಲೋ ಯೋಚನೆ ಇರ್ಲಿಲ್ಲ ತಾನೆ?" ಎಂದು ನಾದಿನಿ ಮೂಗು ಒರೆಸಿಕೊಂಡಳು.

ಮೇಷ್ಟ್ರು ಹೆಂಡತಿಯ ಕಡೆ ತಿರುಗಿದರು. ಜೈಲಿಗೆ ಹಾಕಿದರೆ ಹಾಕಲಿ, ಅಲ್ಲಿ ಊಟ ಹೇಗೂ ಸರ್ಕಾರದ್ದು. ಅವಳು ಹಾಗೆ ಓದಿಕೊಂಡಳೇ ಎಂಬುದೊಂದೇ ಅವರ ಸಂಕಟ. ಇನ್ಸ್‌ಪೆಕ್ಟರಿಗೂ ಅದೇ ಬೇಕಿತ್ತು.

"ನೀವು ಹೇಳಿಮ್ಮಾ. ನೀವು ಹೇಗೆ ಓದ್ಕೊಂಡ್ರಿ?"

"ನಾನು ಸರಿಯಾಗೇ ಓದ್ಕೊಂಡೆ," ಎಂದರು ಹೆಂಡತಿ. "ಓದಿದ ತಕ್ಷಣ ಗೊತ್ತಾಯ್ತು, ನಾನು ಇನ್ನು ಉಳಿಸೆನು ಅಂತ. ಇವರು ಕೊಲ್ಲೋ ಪೈಕಿ ಅಲ್ಲ ಸಾರ್. ಅದಕ್ಕೂ ಖರ್ಚಿದೆ."

ಪೇದೆ ಕೆಮ್ಮಿನಲ್ಲಿ ನಗು ಮುಚ್ಚಿಕೊಂಡ. ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. "ನೋಡಿದ್ರಾ! ಅವಳಿಗೆ ಗೊತ್ತಾಗಿದೆ! ನಾನು ಹೇಳಿರ್ಲಿಲ್ವಾ? ಮತ್ತೆ ಯಾಕೇ ಬರಲಿಲ್ಲ ನೀನು?"

"ಸರಿಯಾಗಿ ಓದಿದ್ದಕ್ಕೇ ಬರಲಿಲ್ಲ."



"ಉಳಿಸಲ್ಲ ಅಂತ ಹೇಳೋ ಮಾತಲ್ಲೂ ಉಳಿಸಿದ್ರಲ್ಲ ರೀ," ಎಂದರು ಹೆಂಡತಿ. ಅವರ ದನಿ ಏರಲಿಲ್ಲ. "ಆ ಎರಡು ಪದಾನೂ ಕಪಾಟಿನ ಚೀಟೀದು. ನಂಗೊತ್ತಿಲ್ವಾ? ಪುಕ್ಕಟೆ ಸಿಕ್ಕಿದ್ದರಲ್ಲಿ ನನ್ನ ಕರೆದ್ರಿ. ಮಿಸ್ಡ್ ಕಾಲ್ ಕೊಟ್ಟು ಕರೆದ್ರಿ. ಈಗ ಬಂದಿದ್ದೀರಲ್ಲ, ಅದಾದ್ರೂ ಬಸ್ಸಿಗೆ ಬಂದ್ರಾ?"

ಮೇಷ್ಟ್ರು ತಲೆ ತಗ್ಗಿಸಿದರು. "ಜೀಪಲ್ಲಿ ಕರ್ಕೊಂಡು ಬಂದ್ರು."

"ಅಯ್ಯೋ ಕರ್ಮವೇ," ಎಂದರು ಹೆಂಡತಿ. ಅದು ಸಿಟ್ಟಿನದೋ ನಗುವಿನದೋ ಮೇಷ್ಟ್ರಿಗೆ ಇದೇ ಮೊದಲ ಸಲ ಗೊತ್ತಾಗಲಿಲ್ಲ. "ಏನು ಹೇಳ್ಬೇಕು ಅಂತಿದ್ರೋ ಅದನ್ನ ಈಗ ಬಿಡಿಸಿ ಹೇಳಿ. ಇಲ್ಲಿ ಪದಕ್ಕೆ ದುಡ್ಡಿಲ್ಲ."

ಸಾವಿರ ಮಕ್ಕಳಿಗೆ "ಬಿಡಿಸಿ ಹೇಳು" ಎಂದು ಗದರಿದ್ದ ಮೇಷ್ಟ್ರು ಈಗ ಪೊಲೀಸರ ಮುಂದೆ, ಷಡ್ಡಕನ ಮುಂದೆ, ತನ್ನ ಹಳೆಯ ವಿದ್ಯಾರ್ಥಿಯ ಮುಂದೆ ಎದ್ದು ನಿಂತರು. "ನಾನು," ಎಂದರು. ನಿಲ್ಲಿಸಿದರು. "ನಂಗೆ ಮನೇಲಿ ಒಬ್ಬನೇ ಇರೋಕೆ ಆಗ್ತಿಲ್ಲ. ಕಡ್ಡಿ ಸೀಳಿದ್ರೆ ತೋರ್ಸೋಕೆ ಯಾರೂ ಇಲ್ಲ. ನಿನ್ನ ಕಣ್ಣಿನ ವಿಷಯದಲ್ಲಿ ನಾನು ಹಾಗೆ ಮಾಡಬಾರದಿತ್ತು. ಅದು ತಪ್ಪು. ದೊಡ್ಡ ತಪ್ಪು. ಕ್ಷಮಿಸು. ಬಾ." ಇದರಲ್ಲಿ ಒಂದು ಸಂಧಿಯನ್ನೂ ಅವರು ಉಳಿತಾಯಕ್ಕೆಂದು ಮಾಡಿರಲಿಲ್ಲ.

ಹೆಂಡತಿ ಕನ್ನಡಕ ತೆಗೆದು ಸೆರಗಿನ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡರು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಎನ್ನಲಿಲ್ಲ. ಇನ್ಸ್‌ಪೆಕ್ಟರು, ಹೆಂಡತಿಯನ್ನು ಕೊಲ್ಲುವುದಿಲ್ಲ ಎಂದು ಮೇಷ್ಟ್ರ ಕೈಲಿ ಮುಚ್ಚಳಿಕೆ ಬರೆಸಿಕೊಂಡರು. ಪ್ರತಿ ಪದವನ್ನೂ ಬೇರೆ ಬೇರೆ ಬರೆಯಬೇಕೆಂದು ಕಟ್ಟಪ್ಪಣೆ ಮಾಡಿದರು. ಆಮೇಲೆ, ಜೀಪು ವಾಪಸು ಹೋಗುವುದಿಲ್ಲ, ಬಸ್ ನಿಲ್ದಾಣ ಎಡಕ್ಕೆ ತಿರುಗಿದರೆ ಸಿಗುತ್ತದೆ ಎಂದರು.

ಷಡ್ಡಕ, ನಾದಿನಿ ಮನೆಯ ದಾರಿ ಹಿಡಿದರು. ಹೆಂಡತಿ ಮೇಷ್ಟ್ರ ಜೊತೆ ನಿಲ್ದಾಣದವರೆಗೆ ನಡೆದುಬಂದರು. ದಾರಿಯಲ್ಲಿ ಮೇಷ್ಟ್ರು ಸಂದಿಯೊಂದನ್ನು ಕಂಡರೂ ಒಳಗೆ ನುಗ್ಗಲಿಲ್ಲ. ಟಿಕೆಟ್ ಕೌಂಟರಿನ ಹತ್ತಿರ ಬಂದಾಗ ಅವರು ಮೆಲ್ಲಗೆ ಕೇಳಿದರು.

"ಬರ್ತೀಯಾ?"

"ಟಿಕೆಟ್ ತಗೊಳ್ಳಿ, ಹೋಗಿ."

"ಎಷ್ಟು ತಗೊಳ್ಳಲಿ ಅಂತ. ನೀನು ಬರೋದಿಲ್ಲ ಅಂದ್ರೆ ಸುಮ್ನೆ..."

ಹೆಂಡತಿ ಗೋಡೆಯ ಮೇಲಿನ ಬಸ್ಸಿನ ವೇಳಾಪಟ್ಟಿಯನ್ನು ಓದತೊಡಗಿದರು. ಹೊಸ ಕನ್ನಡಕದಲ್ಲಿ ಸಣ್ಣಕ್ಷರ ಚೆನ್ನಾಗಿ ಕಾಣುತ್ತಿರಬೇಕು.

ಮೇಷ್ಟ್ರು ಸಾಲಿನಲ್ಲಿ ನಿಂತರು. ಮುಂದೆ ನಾಲ್ಕು ಜನ. ಒಬ್ಬೊಬ್ಬರು ಮುಂದೆ ಸರಿದಂತೆ ಇವರು ಜೇಬಿನೊಳಗೇ ನೋಟು ಎಣಿಸಿದರು. ಅವಳು ಬಂದರೆ ಎರಡು ಬೇಕು. ಬಾರದಿದ್ದರೆ ಒಂದು ಸಾಕು. ಗೊತ್ತಿಲ್ಲದೆ ದುಡ್ಡು ಕೊಡುವ ಕೆಲಸವನ್ನು ಅವರು ಹುಟ್ಟಿದಾಗಿನಿಂದ ಮಾಡಿರಲಿಲ್ಲ. ಹಿಂತಿರುಗಿ ನೋಡಿದರು. ಹೆಂಡತಿ ಇನ್ನೂ ವೇಳಾಪಟ್ಟಿ ಓದುತ್ತಿದ್ದರು.

"ಎಷ್ಟು ಟಿಕೆಟ್?" ಎಂದ ಕೌಂಟರಿನವನು. ಹಿಂದಿನವರು "ಬೇಗ ಹೇಳಿ ಯಜಮಾನ್ರೇ" ಎಂದರು.

"ಎರಡು," ಎಂದರು ಮೇಷ್ಟ್ರು. ಹಲ್ಲು ಕೀಳಿಸಿಕೊಳ್ಳುವವರಂತೆ ಕಣ್ಣು ಮುಚ್ಚಿಕೊಂಡು ಹೇಳಿದರು.

ಹೆಂಡತಿ ಟಿಕೆಟ್ಟುಗಳನ್ನು ಕೈಗೆ ತೆಗೆದುಕೊಂಡು, ತಿರುಗಿಸಿ, ಎರಡೂ ಬೇರೆ ಬೇರೆಯೇ ಎಂದು ನೋಡಿದರು. ಅವರ ಮುಖ ಏನೇನೋ ಆಯಿತು. ಎರಡನ್ನೂ ಮೇಷ್ಟ್ರ ಜೇಬಿಗೆ ತುರುಕಿದರು.

"ಹೋಗಿ ಬನ್ನಿ. ನಾನು ನಾಳಿದ್ದು ಬರ್ತೀನಿ."

"ನಾಳಿದ್ದಾ? ಹಾಗಾದ್ರೆ ಇರು, ಇದೊಂದನ್ನ ವಾಪಸ್ ಕೊಟ್ಟು..."

"ಕೊಡಬೇಡಿ."

"ದಂಡ ಆಗತ್ತಲ್ಲೇ!"

"ಆಗ್ಲಿ. ಮೂವತ್ತೆರಡು ವರ್ಷದಲ್ಲಿ ನನ್ನ ಹೆಸರಲ್ಲಿ ಒಂದು ಕಾಸು ದಂಡ ಆಗಿಲ್ಲ. ಒಂದ್ಸಲ ಆಗ್ಲಿ. ನಂಗೆ ನೋಡ್ಬೇಕು."

ಬಸ್ಸು ಹೊರಡಲು ಹತ್ತು ನಿಮಿಷವಿತ್ತು. ಮೇಷ್ಟ್ರು ಕಿಟಕಿಯ ಪಕ್ಕ ಕೂತರು. ಅಲ್ಲಿಂದ ಟಿಕೆಟ್ ಕೌಂಟರು ನೇರವಾಗಿ ಕಾಣುತ್ತಿತ್ತು. ಅದರ ಮುಂದೆ ಈಗ ಸಾಲೂ ಇರಲಿಲ್ಲ. ಓಡಿದರೆ ಒಂದೇ ನಿಮಿಷದ ಕೆಲಸ. ಅವರು ಒಂದು ಸಲ ಎದ್ದು ನಿಂತದ್ದು ನಿಜ. ಕೆಳಗೆ ನಿಂತಿದ್ದ ಹೆಂಡತಿ ಅದನ್ನು ನೋಡಿದ್ದೂ ನಿಜ. ಅವರು ಪಂಚೆ ಸರಿಪಡಿಸಿಕೊಳ್ಳಲು ಎದ್ದವರಂತೆ ನಟಿಸಿ ಮತ್ತೆ ಕೂತರು. ಬಸ್ಸು ಹೊರಟಿತು. ಹೆಂಡತಿ ಕೈ ಬೀಸಲಿಲ್ಲ, ಆದರೆ ಬಸ್ಸು ತಿರುವು ದಾಟುವವರೆಗೂ ಅಲ್ಲೇ ನಿಂತಿದ್ದರು.

ಮುಂದಿನ ಊರಿನಲ್ಲಿ ಜನ ನುಗ್ಗಿದರು. ಸೀಟೆಲ್ಲ ತುಂಬಿ, ನಡುವೆ ನಿಲ್ಲಲೂ ಜಾಗವಿರಲಿಲ್ಲ. ದೊಡ್ಡ ಗಂಟು ಹೊತ್ತ ದಪ್ಪನೆಯ ಮನುಷ್ಯನೊಬ್ಬ ಬೆವರು ಒರೆಸಿಕೊಳ್ಳುತ್ತ ಬಂದು, ಮೇಷ್ಟ್ರ ಪಕ್ಕದ ಖಾಲಿ ಸೀಟು ನೋಡಿ ಹಿಗ್ಗಿದ.

"ಇಲ್ಲಿ ಯಾರಾದ್ರೂ ಇದ್ದಾರಾ?"

ಮೇಷ್ಟ್ರು ಆ ಸೀಟಿನ ಮೇಲೆ ಅಂಗೈಯೂರಿದರು. ಜೇಬಿನಿಂದ ಎರಡೂ ಟಿಕೆಟ್ ತೆಗೆದು ತೋರಿಸಿದರು.

"ಇದ್ದಾರೆ," ಎಂದರು. "ನಾಳಿದ್ದು ಬರ್ತಾರೆ."